ಭಯಂಕರ ಬುದ್ಧಿವಂತ: ಗ್ರೀಕರ ‘ದೇನೊಸ್’ ಎಂಬ ಒಂದು ಪದ

“ಊಟ ಭಯಂಕರ ಚೆನ್ನಾಗಿತ್ತು ಕಣ್ರೀ” ಎಂದು ಮದುವೆ ಮನೆಯಿಂದ ಬಂದವರು ಹೇಳಿದರೆ ಯಾರೂ ಹೆದರುವುದಿಲ್ಲ. “ಅವರ ಮಗಳು ಭಯಂಕರ ಬುದ್ಧಿವಂತೆ” ಎಂದರೂ ಅಷ್ಟೆ. “ಘಾಟಿಯಲ್ಲಿ ರಾತ್ರಿ ಭಯಂಕರ ಮಳೆ” ಎಂದಾಗ ಮಾತ್ರ ಅದೇ ಪದದೊಳಗಿನ ಭಯ ಎದ್ದು ಕೂರುತ್ತದೆ. ‘ಅಸಾಧ್ಯ’ವೂ ಹೀಗೇ. ಅಸಾಧ್ಯ ನೋವು ಎಂದರೆ ತಡೆಯಲಾರದ ನೋವು. “ಅಸಾಧ್ಯ ಮನುಷ್ಯ ಮಾರಾಯ” ಎಂದರೆ ಮೆಚ್ಚುಗೆ, ಜೊತೆಗೆ ಅವನ ತಂಟೆಗೆ ಹೋಗಬೇಡ ಎಂಬ ಎಚ್ಚರಿಕೆ. ಪ್ರಚಂಡ ಗಾಳಿ, ಪ್ರಚಂಡ ಮಾತುಗಾರ. ದಿನವಿಡೀ ನಾವು ಹೆದರಿಕೆಯ ಪದಗಳಿಂದಲೇ ಹೊಗಳುತ್ತಿರುತ್ತೇವೆ, ಹಾಗೆ ಮಾಡುತ್ತಿದ್ದೇವೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಹಳೆಯ ಗ್ರೀಕಿನಲ್ಲಿ ಇಂಥದೇ ಒಂದು ವಿಶೇಷಣವಿದೆ: ದೇನೊಸ್. ಗ್ರೀಕ್ ಓದುವವರೆಲ್ಲ ಆಶ್ರಯಿಸುವ, 1843ರಲ್ಲಿ ಮೊದಲು ಅಚ್ಚಾದ ಲಿಡೆಲ್–ಸ್ಕಾಟ್ ನಿಘಂಟು ಅದನ್ನು ಮೂರು ಭಾಗ ಮಾಡುತ್ತದೆ. ಒಂದನೆಯದು ಭೀಕರ, ಎರಡನೆಯದು ಬಲಿಷ್ಠ ಅಥವಾ ವಿಸ್ಮಯಕರ, ಮೂರನೆಯದು ಚತುರ. ಕಲಿಯುವವರು ಈ ಮೂರನ್ನೂ ಬಾಯಿಪಾಠ ಮಾಡಿಕೊಂಡು, ಸಾಲು ಎದುರಾದಾಗ ಮೂರರಲ್ಲಿ ಹೊಂದುವ ಒಂದನ್ನು ಆರಿಸಿ ಮುಂದೆ ಸಾಗುತ್ತಾರೆ. ಬಹಳ ಸಲ ಅದು ಸರಿಯಾಗಿಯೂ ಇರುತ್ತದೆ. ಎಡವಟ್ಟಾಗುವುದು ದೊಡ್ಡ ಸಾಲುಗಳಲ್ಲಿ, ಅಂದರೆ ಆ ಪದವನ್ನು ಕವಿ ಬೇಕೆಂದೇ ಇಟ್ಟಿರುವ ಕಡೆ. ಅಲ್ಲಿ ಮೂರರಲ್ಲಿ ಒಂದನ್ನು ಆರಿಸಿದೊಡನೆ ಸಾಲು ಕುರುಡಾಗುತ್ತದೆ. ನನ್ನ ಮಟ್ಟಿಗೆ ದೇನೊಸ್‌ಗೆ ಇರುವುದು ಒಂದೇ ಅರ್ಥ. ಎದುರಿಗಿರುವುದು ನಮ್ಮ ಅಳತೆ ಮೀರಿದ್ದು, ಅದರ ಮುಂದೆ ನಾವು ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ. ಆ ಹೆಜ್ಜೆಯನ್ನೇ ಈ ಪದ ಹೇಳುತ್ತದೆ. ಎದುರಿಗಿರುವುದು ಹಾವೋ, ದೇವತೆಯೋ, ವಕೀಲನೋ ಎಂಬುದನ್ನು ಅವಲಂಬಿಸಿ ಕನ್ನಡದ ಪದ ಬದಲಾಗುತ್ತದೆ, ಅಷ್ಟೆ.

ಭೀಮ ಮತ್ತು ಭೀರು

ಮೊದಲು ಉಚ್ಚಾರಣೆ. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಇದು ದೀರ್ಘ ಏಕಾರದ ‘ದೇನೊಸ್’. ಇಂದಿನ ಗ್ರೀಕರು ‘ದಿನೋಸ್’ ಎನ್ನುತ್ತಾರೆ. ನಮ್ಮ ಬಾಯಿಗೆ ಅದು ಲ್ಯಾಟಿನ್ ಕಾಗುಣಿತ, ಇಂಗ್ಲಿಷ್ ಉಚ್ಚಾರಣೆ ಎರಡನ್ನೂ ದಾಟಿ ‘ಡೈನೋ’ ಆಗಿ ಬಂದಿದೆ. ಗ್ರೀಕ್ ಪದಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವಿದೆ. ಗ್ರೀಕಿನಂತೆ ಕನ್ನಡದಲ್ಲೂ ಎ–ಏ, ಒ–ಓ ಬೇರೆ ಬೇರೆ ಅಕ್ಷರಗಳು. ‘ದೇನೊಸ್’ ವಿಶೇಷಣ, ‘ದೇನೋಸ್’ ಕ್ರಿಯಾವಿಶೇಷಣ. ಕಣ್ಣಿಗೆ ಕೂಡಲೇ ಕಾಣುತ್ತದೆ. ರೋಮನ್ ಲಿಪಿಯಲ್ಲಿ ಇದಕ್ಕೆ ತಲೆಯ ಮೇಲೊಂದು ಗೆರೆ ಬೇಕು. ರೂಪಗಳು ಸರಳ: ಪುಲ್ಲಿಂಗ ದೇನೊಸ್, ಸ್ತ್ರೀಲಿಂಗ ದೇನೇ, ನಪುಂಸಕ ದೇನೊನ್, ನಪುಂಸಕ ಬಹುವಚನ ದೇನ. ‘ಹೆಚ್ಚು ದೇನೊಸ್’ ಎನ್ನಲು ದೇನೊತೆರೊಸ್, ‘ಎಲ್ಲಕ್ಕಿಂತ’ ಎನ್ನಲು ದೇನೊತತೊಸ್.

ಇದರ ಧಾತು ಹೆದರಿಕೆಯದು. ‘ದೆಒಸ್’ ಎಂದರೆ ಭಯ. ಅದೇ ಧಾತುವಿನಿಂದ ‘ದೇಲೊಸ್’ ಎಂಬ ಇನ್ನೊಂದು ವಿಶೇಷಣ ಹುಟ್ಟಿದೆ. ಅದರ ಅರ್ಥ ಹೇಡಿ, ಪುಕ್ಕಲ. ನಡುವಿನ ವ್ಯಂಜನ ಒಂದೇ ಬೇರೆ. ನಕಾರವಿದ್ದರೆ ಹೆದರಿಸುವವನು, ಲಕಾರವಿದ್ದರೆ ಹೆದರುವವನು. ಇದನ್ನು ನೆನಪಿಡಲು ನಮಗೆ ದೂರ ಹೋಗಬೇಕಿಲ್ಲ. ಸಂಸ್ಕೃತದ ‘ಭೀ’ ಧಾತುವಿನಿಂದಲೂ ಹೀಗೆಯೇ ಎರಡು ಹುಟ್ಟಿವೆ: ಹೆದರುವವನು ಭೀರು, ಹೆದರಿಸುವವನು ಭೀಮ. ಭೀಷ್ಮನ ಹೆಸರೂ ಅದೇ ಧಾತುವಿನದು. ಭೀಮ ಎಂಬ ಪದ ಹೆದರಿಕೆಯಿಂದ ಹೊರಟು ಗಾತ್ರಕ್ಕೆ, ಬಲಕ್ಕೆ ಬಂದದ್ದನ್ನು ‘ಭೀಮಗಾತ್ರ’ ಎನ್ನುವಾಗೆಲ್ಲ ನಾವೇ ಕಾಣುತ್ತೇವೆ. ಗ್ರೀಕ್ ಪದ ಅದೇ ದಾರಿಯಲ್ಲಿ ನಡೆದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬುದ್ಧಿಯನ್ನು ಮುಟ್ಟಿತು.

ಹೋಮರನ ಸಾಲಿಗೆ ಪ್ರಸ್ತಾರ ಹಾಕಿದರೆ

ಹೋಮರನಲ್ಲಿ ಈ ಪದಕ್ಕೆ ಚತುರ ಎಂಬ ಅರ್ಥ ಇನ್ನೂ ಬಂದಿಲ್ಲ. ಅಪೊಲೊ ಬಾಣ ಬಿಟ್ಟಾಗ ಬೆಳ್ಳಿಯ ಬಿಲ್ಲಿನ ಝೇಂಕಾರ ದೇನೊಸ್. ಅಥೇನಾಳ ಹೊಳೆಯುವ ಕಣ್ಣುಗಳು ದೇನೊಸ್. ಮನುಷ್ಯರನ್ನು ಹಂದಿ ಮಾಡುವ ಕಿರ್ಕೆ ‘ದೇನೇ ಥೆಒಸ್’, ಸದರ ತೆಗೆದುಕೊಳ್ಳಲಾಗದ ದೇವತೆ. ಆದರೆ ಪದದ ಒಳಗುಟ್ಟು ಬಿಚ್ಚಿಕೊಳ್ಳುವುದು ಇಲಿಯಡ್‌ನ ಮೂರನೆಯ ಕಾಂಡದ 172ನೆಯ ಸಾಲಿನಲ್ಲಿ. ಟ್ರಾಯ್‌ನ ಕೋಟೆಯ ಮೇಲೆ ಮುದುಕರು ಕೂತು ಜೀರುಂಡೆಗಳಂತೆ ಮಾತಾಡುತ್ತಿದ್ದಾರೆ. ಹೆಲೆನ್ ಅಲ್ಲಿಗೆ ಬರುತ್ತಾಳೆ. ಅವಳಿಂದಾಗಿಯೇ ಊರಿಗೆ ಯುದ್ಧ ಬಂದಿದೆ. ಮುದಿ ರಾಜ ಪ್ರಿಯಾಮ ಮಾತ್ರ “ಬಾ ಮಗಳೇ, ನನ್ನ ಮುಂದೆ ಕೂರು, ತಪ್ಪು ನಿನ್ನದಲ್ಲ, ದೇವತೆಗಳದು” ಎಂದು ಕರೆದು, ಅಲ್ಲಿ ಕಾಣುವ ಎತ್ತರದ ಆಳು ಯಾರು ಎಂದು ಕೇಳುತ್ತಾನೆ. ಅವಳು ಆ ಪ್ರಶ್ನೆಗೆ ನೇರವಾಗಿ ಉತ್ತರಿಸದೆ, ಮೊದಲು ಹೀಗೆನ್ನುತ್ತಾಳೆ:

ಐದೊಯೊಸ್ ತೆ ಮೊಯ್ ಎಸ್ಸಿ, ಫಿಲೆ ಹೆಕುರೆ, ದೇನೊಸ್ ತೆ

ಒಳ್ಳೆಯ ಮಾತಾಡಿದ ಮಾವನನ್ನು ಅವಳು ಭಯಂಕರ ಎನ್ನುತ್ತಿಲ್ಲ. ಹೋಗಲಿ ಎಂದು ‘ಗೌರವಾನ್ವಿತ’ ಎಂದು ತಿರುಗಿಸಿದರೆ ಪದದ ಜೀವವೇ ಹೋಯಿತು. ಹಿಂದಿನ ‘ಐದೊಯೊಸ್’ ನಾಚಿಕೆ–ಮರ್ಯಾದೆಯ ಪದ. ಎರಡೂ ಸೇರಿದರೆ ಕನ್ನಡದ ‘ಭಯಭಕ್ತಿ’ ಎಂಬ ಜೋಡುಪದ ಇಲ್ಲಿಗೆ ಹೇಳಿ ಮಾಡಿಸಿದಂತಿದೆ: “ಮಾವಯ್ಯ, ನಿಮ್ಮನ್ನು ಕಂಡರೆ ನನಗೆ ಭಯಭಕ್ತಿ ಎರಡೂ ಉಂಟು.” ಮರುಸಾಲಿನಲ್ಲೇ ಅವಳು, ನಿಮ್ಮ ಮಗನ ಹಿಂದೆ ಬರುವ ಬದಲು ಸಾವನ್ನೇ ಆರಿಸಿಕೊಳ್ಳಬೇಕಿತ್ತು ಎನ್ನುತ್ತಾಳೆ. ದೇನೊಸ್ ಹಾಗೆ ಹೇಳುವವಳ ಬಾಯಲ್ಲಿರುವ ಪದ. ಪ್ರಿಯಾಮ ಎಂಥವನು ಎಂಬುದಕ್ಕಿಂತ, ಅವನ ಮುಂದೆ ತಾನು ಹೇಗೆ ನಿಂತಿದ್ದೇನೆ ಎಂಬುದನ್ನೇ ಅದು ಹೆಚ್ಚು ಹೇಳುತ್ತದೆ.

ಇದೇ ಸಾಲಿಗೆ ಪ್ರಸ್ತಾರ ಹಾಕಿ ನೋಡಿ. ಶಾಲೆಯಲ್ಲಿ ಕಲಿತ ಗುರು–ಲಘು ಸಾಕು. ಹೋಮರನ ಛಂದಸ್ಸಿನಲ್ಲಿ ಸಾಲಿಗೆ ಆರು ಗಣ. ಒಂದೊಂದು ಗಣವೂ ಗುರು–ಲಘು–ಲಘು ಅಥವಾ ಗುರು–ಗುರು, ಅಂದರೆ ಕಂದಪದ್ಯದ ಹಾಗೆ ನಾಲ್ಕು ಮಾತ್ರೆ. ಕೊನೆಯ ಗಣಕ್ಕೆ ಎರಡೇ ಅಕ್ಷರ, ತುದಿಯದು ಗುರುವಾದರೂ ಲಘುವಾದರೂ ನಡೆಯುತ್ತದೆ. ಸಾಲನ್ನು ಒಡೆದರೆ: ಐ–ದೊಯ್ । ಒಸ್–ತೆ–ಮೊಯ್ । ಎಸ್–ಸಿ–ಫಿ । ಲೆ–ಹೆ–ಕು । ರೆ–ದೇ । ನೊಸ್–ತೆ. ಎರಡನೆಯ ಗಣದ ‘ಮೊಯ್’ ಮುಂದೆ ಸ್ವರ ಬಂದದ್ದರಿಂದ ಹ್ರಸ್ವವಾಗುತ್ತದೆ. ಹೋಮರನಲ್ಲಿ ಅದು ದಿನದ ರೂಢಿ. ತೊಡಕಿರುವುದು ನಾಲ್ಕನೆಯ, ಐದನೆಯ ಗಣಗಳಲ್ಲಿ. ಅವು ‘ಲೆ’, ‘ರೆ’ ಎಂಬ ಹ್ರಸ್ವಾಕ್ಷರಗಳಿಂದ ಶುರುವಾಗುತ್ತವೆ. ಗಣದ ಮೊದಲಕ್ಷರ ಗುರುವಾಗಲೇಬೇಕು. ಎರಡು ಕಡೆಯೂ ಒಂದೊಂದು ಮಾತ್ರೆ ಕಡಿಮೆ.

ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ಇಲ್ಲಿ ತನ್ನಿ. ಈ ಸಾಲಿನ ನಡೆ ರೂಪುಗೊಂಡ ಕಾಲದಲ್ಲಿ ದೇನೊಸ್ ಇನ್ನೂ ‘ದ್ವೆಯ್‌ನೊಸ್’ ಆಗಿತ್ತು. ದಕಾರಕ್ಕೆ ವಕಾರದ ಒತ್ತು ಇತ್ತು. ಹಾಗಾಗಿ ಹಿಂದಿನ ‘ರೆ’ ಗುರು. ‘ಹೆಕುರೊಸ್’ ಅದಕ್ಕಿಂತ ಹಿಂದೆ ‘ಸ್ವೆಕುರೊಸ್’ ಆಗಿತ್ತು, ಹಾಗಾಗಿ ‘ಲೆ’ ಕೂಡ ಗುರು. ಸ್ವೆಕುರೊಸ್ ನಮ್ಮ ಸಂಸ್ಕೃತದ ‘ಶ್ವಶುರ’ನ ಒಡಹುಟ್ಟು, ಗ್ರೀಕಿನಲ್ಲಿ ಕಳೆದುಹೋದ ಒತ್ತನ್ನು ಸಂಸ್ಕೃತ ಉಳಿಸಿಕೊಂಡಿದೆ. ಮಾತಾಡುವವರ ನಾಲಗೆಯಿಂದ ವಕಾರ ಜಾರಿತು, ಬರವಣಿಗೆಯಿಂದಲೂ ಹೋಯಿತು, ಸಾಲಿನ ತೂಕದಲ್ಲಿ ಮಾತ್ರ ಅದರ ಜಾಗ ಹಾಗೇ ಉಳಿಯಿತು. 18ನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ವಿದ್ವಾಂಸ ರಿಚರ್ಡ್ ಬೆಂಟ್ಲಿ ಹೋಮರನ ಛಂದಸ್ಸಿನ ಇಂಥ ಬಿರುಕುಗಳನ್ನು ನೋಡಿಯೇ ಲುಪ್ತ ವಕಾರವನ್ನು ಪತ್ತೆ ಹಚ್ಚಿದ. ಬರೀ ಲೆಕ್ಕಾಚಾರವಲ್ಲ ಎನ್ನಲು ಕಲ್ಲಿನ ಸಾಕ್ಷಿಯೂ ಇದೆ. ಕೊರಿಂಥ್‌ನಲ್ಲಿ ಸಿಕ್ಕ ಕ್ರಿ.ಪೂ. 7ನೆಯ ಶತಮಾನದ ಒಂದು ಸಮಾಧಿಲೇಖದಲ್ಲಿ ದೇನಿಆಸ್ ಎಂಬವನ ಹೆಸರನ್ನು ದಕಾರದ ಪಕ್ಕ ವಕಾರದ ಅಕ್ಷರವನ್ನೂ ಕೊರೆದು ಬರೆದಿದ್ದಾರೆ. ಇದು ಅವನ ಗುರುತು, ಅವನನ್ನು ನಾಚಿಕೆಗೆಟ್ಟ ಕಡಲು ಕೊಂದಿತು, ಎಂಬುದು ಅದರ ಒಕ್ಕಣೆ. ನಾಚಿಕೆಗೆಟ್ಟ ಎನ್ನಲು ಅಲ್ಲಿರುವ ‘ಅನೈದೇಸ್’, ಹೆಲೆನ್ ಹೇಳಿದ ‘ಐದೊಯೊಸ್’ನ ಬುಡದಿಂದಲೇ ಬಂದ ವಿರುದ್ಧ ಪದ.

ಪ್ರೊದಿಕೊಸನ ತಕರಾರು

ಚತುರ ಎಂಬ ಅರ್ಥ ಯಾವ ಬಾಗಿಲಿಂದ ಒಳಬಂತು ಎಂಬುದು ಇತಿಹಾಸಕಾರ ಹೆರೊಡೊಟಸ್‌ನ ಐದನೆಯ ಪುಸ್ತಕದಲ್ಲಿ ಕಾಣುತ್ತದೆ. ಪರ್ಷಿಯದ ದೊರೆ ದಾರಯನು ಹಿಸ್ತಿಯಾಯೊಸ್ ಎಂಬ ಗ್ರೀಕನಿಗೆ ಥ್ರೇಸ್‌ನಲ್ಲಿ ಊರು ಕಟ್ಟಲು ನೆಲ ಕೊಟ್ಟಿದ್ದಾನೆ. ಸೇನಾಪತಿ ಮೆಗಾಬಜೊಸ್‌ಗೆ ಇದು ಸರಿಬಂದಿಲ್ಲ. ‘ದೇನೊಸ್ ಮತ್ತು ಸೊಫೊಸ್’ ಆದ ಗ್ರೀಕನೊಬ್ಬನಿಗೆ ಇಂಥ ಜಾಗ ಕೊಟ್ಟಿರಲ್ಲ, ಎಂದು ದೊರೆಯನ್ನು ಎಚ್ಚರಿಸುತ್ತಾನೆ. ಸೊಫೊಸ್ ಎಂದರೆ ಜಾಣ. ಇಬ್ಬರೂ ಒಪ್ಪುವ ಜಾಣತನ, ಆದರೆ ಅದರಿಂದ ನಮಗೆ ಅಪಾಯ. ಬುದ್ಧಿಯನ್ನು ದೇನೊಸ್ ಎಂದವರು ಮೊದಮೊದಲು ಎದುರು ಪಾಳಯದಿಂದ ನೋಡುತ್ತಿದ್ದವರು.

ಅದೇ ಜೋಡಿಯನ್ನು ಪ್ಲೇಟೊ ‘ಪ್ರೊತಾಗೊರಸ್’ ಸಂವಾದದಲ್ಲಿ ಎತ್ತಿಕೊಳ್ಳುತ್ತಾನೆ. ಅಥೆನ್ಸಿನ ಸಿರಿವಂತ ಕಲ್ಲಿಯಾಸನ ಮನೆಯಲ್ಲಿ ಊರೂರಿನ ಸೋಫಿಸ್ಟರು, ಅಂದರೆ ಹಣ ಪಡೆದು ಪಾಠ ಹೇಳುವ ಪಂಡಿತರು, ಬಂದು ಇಳಿದುಕೊಂಡಿದ್ದಾರೆ. ಜಾಗ ಸಾಲದೆ ಉಗ್ರಾಣದ ಕೋಣೆಯನ್ನೇ ಖಾಲಿ ಮಾಡಿ ಕೆಒಸ್ ದ್ವೀಪದ ಪ್ರೊದಿಕೊಸನಿಗೆ ಕೊಟ್ಟಿದ್ದಾರೆ. ಅವನಿನ್ನೂ ಎದ್ದಿಲ್ಲ, ಕುರಿದೊಗಲು, ಕಂಬಳಿ ಹೊದ್ದು ಮಲಗಿಯೇ ಪಾಠ ಹೇಳುತ್ತಿದ್ದಾನೆ. ಸಾಕ್ರೆಟಿಸ್ ಹೊರಗಿನಿಂದ ಕಿವಿಗೊಡುತ್ತಾನೆ, ಆದರೆ ಪ್ರೊದಿಕೊಸನ ದಪ್ಪ ದನಿ ಕೋಣೆಯಲ್ಲಿ ಗುಂಯ್‌ಗುಡುವುದರಿಂದ ಒಂದು ಮಾತೂ ತಿಳಿಯುವುದಿಲ್ಲ. ಪದ ಪದದ ಸೂಕ್ಷ್ಮ ವ್ಯತ್ಯಾಸ ಬಿಡಿಸುವುದೇ ಈ ಪ್ರೊದಿಕೊಸನ ಕಸುಬು. ಮುಂದೆ ಮಾತಿನ ನಡುವೆ ಸಾಕ್ರೆಟಿಸ್ ಅವನ ತಕರಾರೊಂದನ್ನು ಹೇಳುತ್ತಾನೆ. ನಾನು ಯಾರನ್ನಾದರೂ ಹೊಗಳಲು “ಪ್ರೊತಾಗೊರಸ್ ಸೊಫೊಸ್, ದೇನೊಸ್” ಎಂದರೆ, ಒಳ್ಳೆಯದನ್ನು ದೇನೊಸ್ ಎನ್ನಲು ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ಇವನು ನನ್ನನ್ನು ಕೇಳುತ್ತಾನೆ. ದೇನೊಸ್ ಎಂದರೆ ಕೆಟ್ಟದ್ದು. ದೇನೊಸ್ ಸಂಪತ್ತು, ದೇನೊಸ್ ಶಾಂತಿ, ದೇನೊಸ್ ಆರೋಗ್ಯ ಎಂದು ಯಾರೂ ಹೇಳುವುದಿಲ್ಲ. ದೇನೊಸ್ ರೋಗ, ದೇನೊಸ್ ಯುದ್ಧ, ದೇನೊಸ್ ಬಡತನ ಎನ್ನುತ್ತಾರೆ.

ಈ ಪರೀಕ್ಷೆಯನ್ನು ಕನ್ನಡಕ್ಕೆ ಹಚ್ಚಿ ನೋಡಬಹುದು. ಭಯಂಕರ ರೋಗ, ಭಯಂಕರ ಯುದ್ಧ, ಭಯಂಕರ ಬಡತನ: ಮೂರೂ ಸಲೀಸು. ಭಯಂಕರ ಶಾಂತಿ ಎಂದರೆ ಯಾರಿಗೂ ನೆಮ್ಮದಿ ಬರುವುದಿಲ್ಲ, ಏನೋ ಆಗಲಿದೆ ಎನಿಸುತ್ತದೆ. ಭಯಂಕರ ಆರೋಗ್ಯ ಎಂದು ಕೇಳಿದ್ದೇ ಇಲ್ಲ. ಆದರೆ ‘ಭಯಂಕರ ದುಡ್ಡು’ ಧಾರಾಳವಾಗಿ ನಡೆಯುತ್ತದೆ. ನಾಮಪದಕ್ಕೆ ನೇರವಾಗಿ ಅಂಟಿದಾಗ ಪದ ಹಳೆಯ ಭಯವನ್ನು ಉಳಿಸಿಕೊಳ್ಳುತ್ತದೆ. ಪ್ರಮಾಣ ಹೇಳುವಾಗ, ಇನ್ನೊಂದು ವಿಶೇಷಣದ ಮುಂದೆ ನಿಂತಾಗ, ಸಡಿಲವಾಗುತ್ತದೆ. ಗ್ರೀಕಿನಲ್ಲೂ ಹಾಗೇ ಆಯಿತು. ಈಜಿಪ್ಟಿನ ಐಬಿಸ್ ಹಕ್ಕಿಯನ್ನು ಬಣ್ಣಿಸುವಾಗ ಹೆರೊಡೊಟಸ್ ಅದು ಪೂರ್ತಿ ‘ದೇನೋಸ್ ಕಪ್ಪು’ ಎನ್ನುತ್ತಾನೆ. ನಮ್ಮ ‘ಭಯಂಕರ ಕಪ್ಪು’ ಬೇರೆಯಲ್ಲ. ಪ್ರೊದಿಕೊಸನ ವ್ಯಾಕರಣ ಸರಿ, ಪದದ ಹಿಂದಿನ ದಾರಿಯನ್ನು ಅವನು ಚೆನ್ನಾಗಿ ಬಲ್ಲ. ಜನರ ಬಾಯಿ ಆಗಲೇ ಮುಂದೆ ಹೋಗಿತ್ತು.

ಪೂರ್ತಿ ಹೋಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಕ್ರಿ.ಪೂ. 399ರಲ್ಲಿ ನ್ಯಾಯಾಲಯದಲ್ಲಿ ನಿಂತ ಸಾಕ್ರೆಟಿಸ್‌ನ ಮೇಲೆ ಎದುರಾಳಿಗಳು ಮೊದಲು ಹೊರಿಸಿದ ಮಾತು, ಇವನು ‘ದೇನೊಸ್ ಲೆಗೇನ್’, ಇವನ ಮಾತಿಗೆ ಮೋಸ ಹೋಗಬೇಡಿ ಎಂಬುದು. ಲೆಗೇನ್ ಎಂದರೆ ಮಾತಾಡುವುದು. ‘ಒಳ್ಳೆಯ ವಾಗ್ಮಿ’ ಎಂದು ಅನುವಾದಿಸಿದರೆ ಅದು ಆರೋಪವೇ ಆಗುವುದಿಲ್ಲ. ‘ಪ್ರಚಂಡ ಮಾತುಗಾರ’ ಎಂದರೆ ನ್ಯಾಯಾಧೀಶರು ಕಿವಿ ನಿಮಿರಿಸುವುದು ಯಾಕೆಂದು ತಿಳಿಯುತ್ತದೆ. ಸಾಕ್ರೆಟಿಸ್ ಕೊಡುವ ಉತ್ತರ ಆ ಪದದ ಮೇಲೇ ನಿಂತಿದೆ: ನಿಜ ಹೇಳುವವನನ್ನು ಇವರು ದೇನೊಸ್ ಎನ್ನುವುದಾದರೆ ಸರಿ, ಇಲ್ಲದಿದ್ದರೆ ನಾನು ಅಂಥವನಲ್ಲ. ಅರಿಸ್ಟಾಟಲ್ ಇನ್ನೂ ತಣ್ಣಗೆ ಯೋಚಿಸಿ, ಹಿಡಿದ ಗುರಿಯನ್ನು ಮುಟ್ಟಿಸುವ ಶಕ್ತಿಗೆ ‘ದೇನೊತೇಸ್’ ಎಂದು ಹೆಸರಿಡುತ್ತಾನೆ. ಗುರಿ ಒಳ್ಳೆಯದಿದ್ದರೆ ಅದು ಮೆಚ್ಚತಕ್ಕದ್ದು, ಗುರಿ ಕೆಟ್ಟದ್ದಿದ್ದರೆ ಅದಕ್ಕೆ ‘ಪನೂರ್ಗಿಯ’ ಎನ್ನಬೇಕು. ಆ ಪದವನ್ನು ಬಿಡಿಸಿದರೆ ‘ಏನು ಬೇಕಾದರೂ ಮಾಡುವುದು’, ಅಂದರೆ ಯಾವುದಕ್ಕೂ ಹೇಸದಿರುವುದು. ವಿವೇಕಕ್ಕೆ ದೇನೊತೇಸ್ ಬೇಕು, ಅದೊಂದೇ ವಿವೇಕವಲ್ಲ ಎಂಬುದು ಅವನ ನಿಲುವು.

ಮುಂದಿನ ಅಲಂಕಾರಶಾಸ್ತ್ರಜ್ಞರಲ್ಲಿ ದೇನೊಸ್ ಒಂದು ಶೈಲಿಯ ಹೆಸರೂ ಆಯಿತು. ದೆಮೆತ್ರಿಯೊಸ್ ಹೆಸರಿನಲ್ಲಿ ಬಂದಿರುವ ಶೈಲಿಗ್ರಂಥ ಹೇಳುವ ನಾಲ್ಕು ಶೈಲಿಗಳಲ್ಲಿ ಇದೂ ಒಂದು. ಅಲ್ಲಿ ಬರುವ ಉದಾಹರಣೆ ಸ್ಪಾರ್ಟದವರು ದೊರೆ ಫಿಲಿಪ್‌ಗೆ ಕಳಿಸಿದ ಉತ್ತರ: “ದಿಯೊನಿಸಿಯೊಸ್ ಕೊರಿಂಥ್‌ನಲ್ಲಿ.” ಅಷ್ಟೇ. ಸಿರಾಕ್ಯೂಸ್ ಆಳಿದ ಸರ್ವಾಧಿಕಾರಿ ಪದವಿ ಕಳೆದುಕೊಂಡು ಕೊರಿಂಥ್‌ನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾನೆ, ನಿನಗೂ ಅದೇ ಗತಿ ಎಂದು ಬಿಡಿಸಿ ಹೇಳಿದ್ದರೆ ಅದು ಕಥೆಯಾಗುತ್ತಿತ್ತು. ಹೇಳದೆ ಬಿಟ್ಟದ್ದರಿಂದ ಬೆದರಿಕೆಯಾಯಿತು.

ಓದುವಾಗ ಎಡವುವ ಜಾಗಗಳು

ಗ್ರೀಕ್ ಕಲಿಯುತ್ತಿರುವವರು ಮೊದಲು ನೋಡಬೇಕಾದದ್ದು, ಪದದ ಹತ್ತಿರ ಲೆಗೇನ್‌ನಂಥ ‘–ಏನ್’ ಕೊನೆಯ ಕ್ರಿಯಾರೂಪ ಇದೆಯೇ ಎಂಬುದನ್ನು. ಇದ್ದರೆ ಹೆಚ್ಚಿನ ಮಟ್ಟಿಗೆ ‘ಅದನ್ನು ಮಾಡುವುದರಲ್ಲಿ ನಿಸ್ಸೀಮ’ ಎಂದರ್ಥ. ಆ ಅರ್ಥಕ್ಕೆ ಪದ ವ್ಯಕ್ತಿಯ ಮೇಲೆ ನಿಂತಿರಬೇಕು ಎಂಬುದನ್ನು ಮರೆಯಬಾರದು. ನಪುಂಸಕದಲ್ಲಿ ಒಂಟಿಯಾಗಿ ‘ದೇನ’ ಬಂದರೆ ಸಾಮಾನ್ಯವಾಗಿ ಕಷ್ಟಗಳು, ಘೋರಗಳು. ‘ದೇನೊನ್ ಪೊಯೇಸ್ಥೈ’ ಎಂಬ ನುಡಿಗಟ್ಟನ್ನು ಪದಶಃ ಬಿಡಿಸಹೊರಟವರು ದಾರಿ ತಪ್ಪುತ್ತಾರೆ. ಅದು ಸಹಿಸಲಾಗದೆ ಸಿಡಿಮಿಡಿಗೊಳ್ಳುವುದು. ‘ಹೊ ದೇನ’ ಎಂಬುದಂತೂ ಬೇರೆಯೇ ಪದ, ‘ಇಂಥವನು’, ‘ಯಾರೋ ಒಬ್ಬ’ ಎಂದರ್ಥ. ಅಕ್ಷರಗಳು ಒಂದೇ, ಸ್ವರಭಾರ ಮೊದಲಕ್ಷರದ ಮೇಲೆ. ಬಹುವಚನದ ‘ದೇನ’ದಲ್ಲಿ ಭಾರ ಕೊನೆಯಲ್ಲಿ. ಸ್ವರಚಿಹ್ನೆ ನೋಡದೆ ಓದಿದರೆ ಘೋರಗಳೆಲ್ಲ ಯಾರೋ ಒಬ್ಬನಾಗುತ್ತವೆ.

ಇನ್ನೊಂದು ಗೊಂದಲ ವಿಜ್ಞಾನದ ಪದಗಳಲ್ಲಿ. ‘ದೀನೊಸ್’ ಎಂದರೆ ಸುಳಿ, ಸುತ್ತುವುದು; ದೇನೊಸ್‌ಗೂ ಅದಕ್ಕೂ ನಂಟಿಲ್ಲ. ಕಡಲಲ್ಲಿ ತಿರುತಿರುಗಿ ಈಜುವ ಡೈನೋಫ್ಲಾಜೆಲೇಟ್‌ಗಳು ಸುಳಿಯಿಂದ ಹೆಸರು ಪಡೆದವು, ಡೈನೋಸಾರ್ ನಮ್ಮ ಪದದಿಂದ. ಲ್ಯಾಟಿನ್ ಕಾಗುಣಿತ ಎರಡನ್ನೂ ಒಂದೇ ಮಾಡಿಬಿಟ್ಟಿದೆ. 1842ರಲ್ಲಿ ವಿಜ್ಞಾನಿ ರಿಚರ್ಡ್ ಓವೆನ್ ಡೈನೋಸೌರಿಯ ಎಂಬ ಹೆಸರು ಕಟ್ಟಿದಾಗ ಅವನ ಮುಂದಿದ್ದದ್ದು ಮೆಗಾಲೋಸಾರಸ್, ಇಗ್ವಾನೊಡಾನ್, ಹೈಲಿಯೋಸಾರಸ್ ಎಂಬ ಮೂರೇ ಪ್ರಾಣಿಗಳ ಮೂಳೆಗಳು. ದೇನೊಸ್‌ಗೆ ಅವನೇ ಕೊಟ್ಟ ಅರ್ಥ ‘ಭಯ ಹುಟ್ಟಿಸುವಷ್ಟು ದೊಡ್ಡ’. ನಮ್ಮ ಪುಸ್ತಕಗಳಲ್ಲಿ ಕಾಣುವ ‘ಭಯಾನಕ ಹಲ್ಲಿ’ ಅದರ ಅರ್ಧವನ್ನು ಬಿಟ್ಟಿದೆ. ‘ಭೀಮ’ ಎಂದಿದ್ದರೆ ಎರಡೂ ಬರುತ್ತಿತ್ತು. ಇಂದಿನ ಗ್ರೀಕಿನಲ್ಲಿ ‘ದಿನೋಸ್’ ಈಜುಗಾರ ಎಂದರೆ ನುರಿತವನು, ‘ತ ದಿನಾ’ ಎಂದರೆ ಬವಣೆಗಳು. ಎರಡೂ ಅರ್ಥ ಉಳಿದಿವೆ, ಬೇರೆ ಬೇರೆ ಮನೆ ಮಾಡಿಕೊಂಡು.

ಯಾರೂ ಇಲ್ಲವೋ, ಯಾವುದೂ ಇಲ್ಲವೋ

ಅನುವಾದಕರು ಹೆಚ್ಚು ಗುದ್ದಾಡಿರುವುದು ನಾಟಕಕಾರ ಸೊಫೊಕ್ಲಿಸ್‌ನ ‘ಆಂಟಿಗೊನೆ’ಯ 332–333ನೆಯ ಸಾಲುಗಳ ಜೊತೆ:

ಪೊಲ್ಲ ತ ದೇನ ಕೂದೆನ್ ಅನ್‌ಥ್ರೋಪೂ ದೇನೊತೆರೊನ್ ಪೆಲೇ

‘ದೇನ ಆದವು ಹಲವಿವೆ, ಮನುಷ್ಯನಿಗಿಂತ ದೇನೊಸ್ ಆದದ್ದು ಯಾವುದೂ ಇಲ್ಲ.’ ಮುಂದಿನ ಪದ್ಯಗಳಲ್ಲಿ ಕಡಲ ಯಾನ, ಉಳುಮೆ, ಬಲೆ, ನೊಗ, ಮಾತು, ಊರು, ಔಷಧಿ ಎಲ್ಲ ಬರುವುದರಿಂದ ‘ಅದ್ಭುತ’ ಎಂಬ ಅನುವಾದ ಸುಲಭವಾಗಿ ಒಗ್ಗುತ್ತದೆ. ಅದು ಸಾಲದು. ಈ ಹಾಡಿಗೆ ಸುಮಾರು 90 ಸಾಲು ಮೊದಲು ಕಾವಲುಗಾರ ದೊರೆ ಕ್ರೆಒನ್‌ನ ಮುಂದೆ ನಡುಗುತ್ತಾ, ದೇನ ಆದದ್ದನ್ನು ಹೇಳಲು ಹಿಂಜರಿಕೆಯಾಗುತ್ತದೆ ಎಂದಿದ್ದಾನೆ. ಅದಕ್ಕೂ ಮುಂಚೆ, ದೊರೆಯ ಆಜ್ಞೆ ಮೀರಿ ಸೋದರನ ಹೆಣ ಹೂಳಲು ಹೊರಟ ಆಂಟಿಗೊನೆ ತಂಗಿಗೆ, ಈ ದೇನೊನ್ ಅನ್ನು ನಾನು ಅನುಭವಿಸುತ್ತೇನೆ ಬಿಡು ಎಂದಿದ್ದಾಳೆ. ಮುಂದೆ ಕ್ರೆಒನ್‌ನ ಮಗ ಹೈಮೊನ್ ಅಪ್ಪನಿಗೆ, ನಿಮ್ಮ ಕಣ್ಣು ಸಾಮಾನ್ಯ ಜನಕ್ಕೆ ದೇನೊಸ್ ಎನ್ನುತ್ತಾನೆ. ವಿಧಿಯ ಶಕ್ತಿಯೂ ದೇನೊಸ್ ಎಂದು ಮೇಳ ಹಾಡುತ್ತದೆ. ಅದೂ ಅಲ್ಲದೆ, ಹಿರಿಯ ನಾಟಕಕಾರ ಈಸ್ಕಿಲಸ್ ಕ್ರಿ.ಪೂ. 458ರಲ್ಲಿ ಹೆಚ್ಚುಕಡಿಮೆ ಹೀಗೇ ಶುರುವಾಗುವ ಹಾಡೊಂದರಲ್ಲಿ ಭೂಮಿ ಸಾಕುವ ಘೋರಗಳನ್ನು ಎಣಿಸಿದ್ದ. ಅದು ಕಿವಿಯಲ್ಲಿದ್ದ ಪ್ರೇಕ್ಷಕರಿಗೆ ‘ಪೊಲ್ಲ ತ ದೇನ’ ಎಂದೊಡನೆ ಮನಸ್ಸಿಗೆ ಬರುವುದು ಹಾವು, ಸಿಡಿಲು, ಬಿರುಗಾಳಿ. ಆ ನಿರೀಕ್ಷೆಯ ಮೇಲೆ ‘ಮನುಷ್ಯ’ ಬಂದು ಬೀಳುತ್ತಾನೆ. ಜರ್ಮನ್ ಕವಿ ಹೋಲ್ಡರ್ಲಿನ್ 1804ರಲ್ಲಿ ಇದಕ್ಕೆ ‘ಉಂಗೆಹೊಯರ್’ ಎಂಬ, ದೈತ್ಯವೂ ಘೋರವೂ ಆದ ಪದ ಇಟ್ಟ. 1935ರಲ್ಲಿ ತತ್ತ್ವಜ್ಞಾನಿ ಹೈಡೆಗರ್ ಆರಿಸಿದ್ದು, ಮನೆಯ ಹಿತದಿಂದ ಹೊರಗೆ ದಬ್ಬುವಂಥದ್ದು ಎಂಬರ್ಥದ ‘ಉನ್‌ಹೈಮ್‌ಲಿಖ್’.

ಕನ್ನಡದಲ್ಲಿ ನಮ್ಮ ಮುಂದಿರುವ ಆಯ್ಕೆಗಳು ಏನು? ‘ಘೋರ’ ಎಂದರೆ ಉಳುಮೆಗೂ ಔಷಧಿಗೂ ಹೊಂದುವುದಿಲ್ಲ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನ ವಿಶ್ವರೂಪ ಕಂಡು ‘ದೃಷ್ಟ್ವಾದ್ಭುತಂ ರೂಪಮುಗ್ರಂ ತವೇದಂ’ ಎನ್ನುವಾಗ ಅದ್ಭುತ, ಉಗ್ರ ಎರಡನ್ನೂ ಅಕ್ಕಪಕ್ಕ ಇಡಬೇಕಾಯಿತು. ಗ್ರೀಕ್ ಪದ ಎರಡನ್ನೂ ಒಂದರಲ್ಲೇ ಹೊತ್ತಿದೆ. ‘ಪ್ರಚಂಡ’ಕ್ಕೆ ತೂಕವಿದೆ, ಆದರೆ ಅದರ ನಾದದಲ್ಲಿ ಗದ್ದಲ ಹೆಚ್ಚು. ನನಗೆ ಹತ್ತಿರವೆನಿಸುವುದು ‘ಅಸಾಧ್ಯ’: “ಅಸಾಧ್ಯವಾದುವು ಲೋಕದಲ್ಲಿ ಎಷ್ಟೋ; ಮನುಷ್ಯನಷ್ಟು ಅಸಾಧ್ಯವಾದದ್ದು ಇನ್ನೊಂದಿಲ್ಲ.” ಸಾಧಿಸಲಾಗದ್ದು ಎಂಬ ಅದರ ಇನ್ನೊಂದು ಅರ್ಥ ಅಡ್ಡ ಬರುವ ಅಪಾಯ ಉಂಟು. ರಂಗದ ಮೇಲೆ ನಟನ ದನಿ ಅದನ್ನು ನಿವಾರಿಸೀತು, ಪುಟದ ಮೇಲೆ ಓದುಗ ಒಂದು ಕ್ಷಣ ತಡವರಿಸಬಹುದು. ಆ ತಡವರಿಕೆಯೂ ಈ ಸಾಲಿಗೆ ಒಳ್ಳೆಯದೇ.

ಆದರೆ ಇಲ್ಲಿ ಕನ್ನಡ ಕೈಹಿಡಿಯುವುದು ವಿಶೇಷಣಕ್ಕಿಂತ ಲಿಂಗದ ವಿಷಯದಲ್ಲಿ. ‘ದೇನೊತೆರೊನ್’ ನಪುಂಸಕ, ಮನುಷ್ಯನನ್ನು ವಸ್ತುಗಳ ಸಾಲಿನಲ್ಲಿ ನಿಲ್ಲಿಸಲಾಗಿದೆ. ‘ಮನುಷ್ಯನಿಗಿಂತ ಯಾರೂ ಇಲ್ಲ’ ಎಂದು ಬರೆದರೆ ಅದು ತಪ್ಪು, ‘ಯಾವುದೂ ಇಲ್ಲ’ ಎನ್ನಬೇಕು. ಮುಂದಿನ ಸಾಲು ‘ತೂತೊ’ ಎಂಬ ನಪುಂಸಕ ಸರ್ವನಾಮದಿಂದಲೇ ಶುರುವಾಗುತ್ತದೆ. “ಇದು ಬೂದುಬಣ್ಣದ ಕಡಲನ್ನೂ ಚಳಿಗಾಲದ ತೆಂಕಣ ಗಾಳಿಯಲ್ಲಿ ದಾಟಿ ಹೋಗುತ್ತದೆ.” ಕನ್ನಡದಲ್ಲಿ ದೊಡ್ಡ ಮನುಷ್ಯನನ್ನು ‘ಇದು’ ಎಂದರೆ ಕೇಳುವವರಿಗೆ ಚುರುಕ್ಕೆನ್ನುತ್ತದೆ. ಆ ಚುರುಕನ್ನು ಉಳಿಸಿಕೊಳ್ಳಬೇಕು, ಓದು ಸುಗಮವಾಗಲೆಂದು ‘ಇವನು’ ಎಂದು ತಿದ್ದಬಾರದು. 347ನೆಯ ಸಾಲಿಗೆ ಬಂದಾಗ ಸೊಫೊಕ್ಲಿಸ್ ತಾನೇ ‘ಅನೇರ್’, ಗಂಡಸು, ಎಂಬ ಪದ ತರುತ್ತಾನೆ; ಅಲ್ಲಿಂದ ‘ಇವನು’ ಸಲ್ಲುತ್ತದೆ. ಗಂಡಸು ಎಲ್ಲವನ್ನೂ ಪಳಗಿಸಿದ ಎಂದು ಹಾಡಿದ ಮೇಳದ ಮುಂದೆ, ಹಾಡು ಮುಗಿಯುತ್ತಿದ್ದಂತೆ, ಕಾವಲುಗಾರ ಒಬ್ಬ ಹುಡುಗಿಯನ್ನು ಹಿಡಿದು ತರುತ್ತಾನೆ.

ಎರಡೇ ಪದ, ಎರಡು ಸಲ

ಸೊಫೊಕ್ಲಿಸ್‌ನ ‘ಅಯಾಸ್’ ನಾಟಕವನ್ನು ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದದ್ದು ಎಲ್ಲರಿಗೂ ಗೊತ್ತು. ಅದರ ಮೂಲದಲ್ಲಿ ಅಯಾಸ್ ಸಾವಿಗೆ ಹೊರಡುವ ಮುಂಚಿನ ಭಾಷಣ ಐವತ್ತು ಸಾಲೂ ಇಲ್ಲ, ದೇನೊಸ್ ನಾಲ್ಕು ಸಲ ಬರುತ್ತದೆ: ಆಣೆ, ಅವನ ಹಳೆಯ ಹಟ, ಚಳಿಗಾಲದಂಥ ಬಲಗಳು, ಬಿರುಗಾಳಿ. ಎಲ್ಲಾ ದೇನೊಸ್‌ಗಳೂ ಒಂದಲ್ಲ ಒಂದು ದಿನ ಬಾಗುತ್ತವೆ ಎಂದು ಅವನು ಹೇಳುತ್ತಾನೆ. ನಾಲ್ಕು ಕಡೆ ನಾಲ್ಕು ಕನ್ನಡ ಪದ ಬಳಸಿದರೆ ಆ ವಾದದ ಎಳೆಯೇ ಕಡಿಯುತ್ತದೆ.

ಈ ಕಷ್ಟ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ‘ಈಡಿಪಸ್’ನಲ್ಲಿ. 545ನೆಯ ಸಾಲಿನಲ್ಲಿ ಈಡಿಪಸ್, ತನ್ನ ಮೇಲೆ ಸಂಚು ಹೂಡಿದ್ದಾನೆಂದು ತಾನು ನಂಬಿದ ಕ್ರೆಒನ್‌ಗೆ ‘ಲೆಗೇನ್ ಸು ದೇನೊಸ್’ ಎನ್ನುತ್ತಾನೆ: ಮಾತಾಡುವುದರಲ್ಲಿ ನೀನು ಪ್ರಚಂಡ, ನಿನ್ನಿಂದ ಕಲಿಯುವುದರಲ್ಲಿ ನಾನು ದಡ್ಡ. ಸಾಕ್ರೆಟಿಸ್‌ನ ಮೇಲೆ ಬಂದ ಅದೇ ಆರೋಪ, ಅದೇ ಎರಡು ಪದ. 624 ಸಾಲು ದಾಟಿ, 1169ರಲ್ಲಿ, ಮುದಿ ಕುರುಬ ಅರಸನ ಮುಂದೆ ನಿಂತಿದ್ದಾನೆ. ಹಿಂದೆ ಅವನ ಕೈಗೆ ಬಂದಿದ್ದ ಮಗು, ಅಂದರೆ ಈ ಈಡಿಪಸ್ಸೇ, ಯಾರದು ಎಂಬ ಪ್ರಶ್ನೆಗೆ ಇನ್ನು ಒಂದೇ ಉತ್ತರ ಬಾಕಿ. ‘ಒಯ್‌ಮೊಯ್, ಪ್ರೊಸ್ ಔತೋ ಗ್ ಏಮಿ ತೋ ದೇನೋ ಲೆಗೇನ್’ ಎನ್ನುತ್ತಾನೆ. ಮತ್ತೆ ದೇನೊಸ್, ಮತ್ತೆ ಲೆಗೇನ್. ಈ ಸಲ ಪದ ವ್ಯಕ್ತಿಯ ಮೇಲಿಲ್ಲ. ‘ತೋ’ ಎಂಬ ಉಪಪದ ಹಿಂದಿದೆ, ಅದು ನಪುಂಸಕ, ಚತುರ್ಥಿ ವಿಭಕ್ತಿ. ಆಡಬಾರದ ಆ ಮಾತಿನ ಅಂಚಿಗೇ ಬಂದು ನಿಂತಿದ್ದೇನೆ ಎಂದರ್ಥ. ಕ್ರೆಒನ್‌ನ ಮೇಲೆ ಬೈಗುಳವಾಗಿ ಎಸೆದ ಎರಡು ಪದ ಸುತ್ತಿ ಬಂದು ಎಸೆದವನ ಎದುರಿಗೇ ನಿಂತಿವೆ, ಮತ್ತೆ ಈಡಿಪಸ್ ಅವನ್ನು ಗುರುತಿಸಿದವನಂತೆ ಅದೇ ವಾಕ್ಯವನ್ನು ಮುಂದುವರಿಸುತ್ತಾನೆ: ‘ಕಾಗೋಗ್ ಅಕೂಏನ್’, ನಾನು ಕೇಳುವುದರ ಅಂಚಿಗೆ.

ಎರಡೂ ಕಡೆ ಒಂದೇ ಕನ್ನಡ ಪದ ಕೂರಿಸಲು ಆಗುತ್ತದೆಯೇ ಎಂದು ಪ್ರಯತ್ನಿಸಿ ನೋಡಬಹುದು. ಮೊದಲನೆಯದಕ್ಕೆ: “ಭಯಂಕರ ಮಾತು ಬಲ್ಲವನು ನೀನು.” ಎರಡನೆಯದಕ್ಕೆ:

“ಅಯ್ಯೋ, ಆ ಭಯಂಕರ ಮಾತಿನ ಅಂಚಿಗೇ ಬಂದೆ, ಆಡಬೇಕು.”

“ನಾನೂ ಬಂದೆ, ಕೇಳಬೇಕು. ಆದರೂ ಕೇಳಲೇಬೇಕು.”